ಬ್ಯಾಂಕ್ ಫಂಡಾ, ರೋಬೋನಾ, ಇಟಿಎಫ್ಫಾ? ಕೆನಡಾದಲ್ಲಿ ಉಳಿಸಿದ ಹಣವನ್ನು ಹೂಡುವ ದಾರಿಗಳು

ಬ್ರಾಂಪ್ಟನ್ ಇರಲಿ, ಕ್ಯಾಲ್ಗರಿ ಇರಲಿ, ನಾಲ್ಕು ಕನ್ನಡದ ಮನೆಯವರು ಸೇರಿದರೆ ಊಟ ಮುಗಿಯುವ ಹೊತ್ತಿಗೆ ಮಾತು ದುಡ್ಡಿನ ಕಡೆ ತಿರುಗುತ್ತದೆ. "ಬ್ಯಾಂಕಿನವರೇ ಒಂದು ಮ್ಯೂಚುವಲ್ ಫಂಡ್ ಮಾಡಿಕೊಟ್ಟಿದ್ದಾರೆ, ಇರಲಿ ಬಿಡಿ" ಅನ್ನುವವರು ಒಬ್ಬರು. "ಎಲ್ಲ ಎಕ್ಸ್‌ಇಕ್ಯೂಟಿಗೆ ಹಾಕಿ ಸುಮ್ನೆ ಕೂತುಬಿಡಿ ಅಂಕಲ್" ಅನ್ನುವ ಹುಡುಗ ಇನ್ನೊಬ್ಬ. ಅವನು ಹೇಳುವುದು ಒಂದು ಇಟಿಎಫ್ ಹೆಸರು, ಅಂದರೆ ಷೇರಿನ ಥರ ಮಾರುಕಟ್ಟೆಯಲ್ಲೇ ಕೊಂಡು ಮಾರುವ ಫಂಡ್. ಮೂರನೆಯವರಿಗೆ ಬ್ಯಾಂಕ್ ಷೇರುಗಳ ಡಿವಿಡೆಂಡೇ, ಅಂದರೆ ಲಾಭದಲ್ಲಿ ಹಂಚುವ ಪಾಲೇ, ದೇವರು. ಎಲ್ಲವನ್ನೂ ಕೇಳಿಸಿಕೊಂಡವರು ಮನೆಗೆ ಹೋಗಿ ಏನೂ ಮಾಡುವುದಿಲ್ಲ. ಹಣ ಉಳಿತಾಯ ಖಾತೆಯಲ್ಲೇ ಮಲಗಿರುತ್ತದೆ.

ಮೂವರಲ್ಲಿ ಯಾರ ಮಾತೂ ಪೂರ್ತಿ ತಪ್ಪಲ್ಲ. ಆದರೆ ಮೂವರೂ "ಯಾವುದರಲ್ಲಿ ಲಾಭ ಜಾಸ್ತಿ?" ಅನ್ನುವ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರೆ. ಅದು ಮುಂಚೆಯೇ ಯಾರಿಗೂ ಗೊತ್ತಿರುವುದಿಲ್ಲ. ಉತ್ತರ ಸಿಗುವ ಪ್ರಶ್ನೆ ಬೇರೆ ಇದೆ: ಹೂಡಿಕೆಯನ್ನು ನೋಡಿಕೊಳ್ಳುವ ಕೆಲಸದಲ್ಲಿ ಎಷ್ಟನ್ನು ನಾನೇ ಮಾಡುತ್ತೇನೆ, ಎಷ್ಟಕ್ಕೆ ದುಡ್ಡು ಕೊಟ್ಟು ಮಾಡಿಸುತ್ತೇನೆ? ಆ ಕೆಲಸ ನಾಲ್ಕು ಥರದ್ದು. ಏನೇನು ಎಷ್ಟೆಷ್ಟು ಕೊಳ್ಳಬೇಕು ಅಂತ ತೀರ್ಮಾನಿಸುವುದು. ಆಗಾಗ ಆ ಪ್ರಮಾಣವನ್ನು ಸರಿ ಮಾಡುವುದು. ಮಾರುಕಟ್ಟೆ ಬಿದ್ದಾಗ ಗಾಬರಿಯಲ್ಲಿ ಮಾರದ ಹಾಗೆ ತಡೆಯುವುದು. ಯಾವ ಖಾತೆಯಲ್ಲಿ ಏನಿರಬೇಕು ಅಂತ ತೆರಿಗೆ ಲೆಕ್ಕ ನೋಡುವುದು. ಕೆಳಗಿನ ಐದು ದಾರಿಗಳಲ್ಲಿ ಈ ಕೆಲಸಗಳು ಯಾರ ಪಾಲಿಗೆ ಬೀಳುತ್ತವೆ ಅನ್ನುವುದೇ ಮುಖ್ಯ ವ್ಯತ್ಯಾಸ.

ಯಾವುದರಿಂದ ಅಳೆಯಬೇಕು

ಮೊದಲನೆಯದು ಖರ್ಚು. ಫಂಡ್‌ನ ವಾರ್ಷಿಕ ಖರ್ಚಿಗೆ ಇಲ್ಲಿ ಎಂಇಆರ್ ಅನ್ನುತ್ತಾರೆ. ಇದಕ್ಕೆ ಬಿಲ್ ಬರುವುದಿಲ್ಲ. ಫಂಡ್‌ನ ಒಳಗೇ ಕಳೆದುಕೊಂಡು ಉಳಿದದ್ದನ್ನು ನಿಮಗೆ ತೋರಿಸುತ್ತಾರೆ, ಹಾಗಾಗಿ ಚುರುಕು ಮುಟ್ಟುವುದಿಲ್ಲ. ಒಂದು ಲೆಕ್ಕ ಹಾಕೋಣ. 1 ಲಕ್ಷ ಡಾಲರ್ 25 ವರ್ಷ ಇರುತ್ತದೆ, ಖರ್ಚಿಗೆ ಮುಂಚೆ ವರ್ಷಕ್ಕೆ ಶೇ 6ರಂತೆ ಬೆಳೆಯುತ್ತದೆ ಅಂದುಕೊಳ್ಳಿ. ಖರ್ಚು ಶೇ 2 ಇದ್ದರೆ ಕೊನೆಗೆ ಸುಮಾರು 2.67 ಲಕ್ಷ ಡಾಲರ್ ಆಗುತ್ತದೆ. ಶೇ 0.7 ಇದ್ದರೆ ಸುಮಾರು 3.64 ಲಕ್ಷ. ಶೇ 0.25 ಇದ್ದರೆ ಸುಮಾರು 4.05 ಲಕ್ಷ. "ಬರೀ ಎರಡು ಪರ್ಸೆಂಟ್ ತಾನೇ" ಅನ್ನುವ ಮಾತಿನ ಬೆಲೆ ಇದು.

ಎರಡನೆಯದು ನಿಮ್ಮ ಗುಂಡಿಗೆ. 2020ರ ಫೆಬ್ರುವರಿ, ಮಾರ್ಚ್‌ನಲ್ಲಿ ಟೊರಾಂಟೊ ಮಾರುಕಟ್ಟೆ ಒಂದು ತಿಂಗಳ ಆಸುಪಾಸಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬಿತ್ತು. 2022ರಲ್ಲಿ ಷೇರಿನ ಜೊತೆ ಬಾಂಡ್ (ಸರ್ಕಾರ, ಕಂಪನಿಗಳ ಸಾಲಪತ್ರ) ಕೂಡ ಬಿದ್ದಿತು. ಆಗ ನೀವು ಏನು ಮಾಡಿದಿರಿ ಅಂತ ನೆನಪಿಸಿಕೊಳ್ಳಿ. ಮಾರಿದ್ದರೆ, ಅಥವಾ ರಾತ್ರಿ ನಿದ್ದೆ ಬಿಟ್ಟಿದ್ದರೆ, ಪೂರ್ತಿ ಷೇರಿನ ದಾರಿ ನಿಮಗೆ ಆಗಿಬರುವುದಿಲ್ಲ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಮೂರನೆಯದು ನಿಮ್ಮ ಸಮಯ ಮತ್ತು ಆಸಕ್ತಿ. ನಾಲ್ಕನೆಯದು ಆ ಹಣ ಯಾವಾಗ ಬೇಕು ಅನ್ನುವುದು. ಮೂರು ವರ್ಷದೊಳಗೆ ಮನೆಯ ಡೌನ್ ಪೇಮೆಂಟ್‌ಗೆ ಬೇಕಾದ ದುಡ್ಡಿಗೆ ಈ ಹೋಲಿಕೆಯೇ ಬೇಡ, ಅದು ಜಿಐಸಿಗೆ ಹೋಗಲಿ. ವಿದ್ಯಾರ್ಥಿಯಾಗಿ ಬಂದವರಿಗೆ ವೀಸಾ ಕಾಲದಿಂದಲೇ ಜಿಐಸಿ ಗೊತ್ತು. ಉಳಿದವರು ನಮ್ಮ ಎಫ್‌ಡಿ ಅಂದುಕೊಳ್ಳಿ. ಸದಸ್ಯ ಬ್ಯಾಂಕುಗಳಲ್ಲಿ ಒಂದೊಂದು ಬಗೆಯ ಠೇವಣಿಗೆ 1 ಲಕ್ಷ ಡಾಲರ್‌ವರೆಗೆ ಸಿಡಿಐಸಿ ಅನ್ನುವ ಸರ್ಕಾರಿ ಸಂಸ್ಥೆಯ ವಿಮೆ ಇದೆ.

ಇನ್ನೆರಡು ಮಾತು. ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಮೊದಲು ಅದನ್ನು ತೀರಿಸಿ. ಶೇ 20ರ ಹತ್ತಿರದ ಆ ಬಡ್ಡಿಯನ್ನು ಯಾವ ಇಟಿಎಫ್ ಕೂಡ ಖಾತ್ರಿಯಾಗಿ ಮೀರಿಸುವುದಿಲ್ಲ. ಕಂಪನಿಯವರು ನಿವೃತ್ತಿಗೆಂದು ಉಳಿಸುವ ಗ್ರೂಪ್ ಆರ್‌ಆರ್‌ಎಸ್‌ಪಿಗೆ ತಮ್ಮ ಪಾಲು ಸೇರಿಸುತ್ತಾರೆ ಅಂದರೆ ಅದನ್ನು ಪೂರ್ತಿ ತೆಗೆದುಕೊಳ್ಳಿ, ಅಲ್ಲಿನ ಫಂಡ್ ಸ್ವಲ್ಪ ದುಬಾರಿ ಇದ್ದರೂ ಸರಿ.

ಬ್ಯಾಂಕಿನ ಮ್ಯೂಚುವಲ್ ಫಂಡ್

ಇದರ ದೊಡ್ಡ ಗುಣ ಎಂದರೆ ಎದುರಿಗೆ ಒಬ್ಬ ಮನುಷ್ಯ ಕೂತಿರುತ್ತಾನೆ. ಸಂಬಳದ ಖಾತೆ ಇರುವ ಶಾಖೆಯಲ್ಲೇ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ತಿಂಗಳಿಗೆ 50 ಡಾಲರ್ ಆದರೂ ತಾನಾಗಿಯೇ ಕಟ್ ಆಗುತ್ತದೆ.

ಸಮಸ್ಯೆ ಖರ್ಚಿನದು. ಸಲಹೆಗಾರರ ಮೂಲಕ ಮಾರುವ ಷೇರು ಫಂಡ್‌ಗಳ ಎಂಇಆರ್ ಶೇ 2ರ ಆಸುಪಾಸು ಇರುವುದು ಮಾಮೂಲು. ಅದರಲ್ಲಿ ಸುಮಾರು ಶೇ 1 ಟ್ರೇಲಿಂಗ್ ಕಮಿಷನ್ ಅಂತ ಫಂಡ್ ಮಾರಿದ ಸಂಸ್ಥೆಗೆ ಪ್ರತಿ ವರ್ಷ ಹೋಗುತ್ತದೆ, ಆ ವರ್ಷ ನಿಮಗೆ ಒಂದು ಫೋನ್ ಬರದಿದ್ದರೂ. ಶಾಖೆಯಲ್ಲಿ ಕೂತವರು ಸಾಮಾನ್ಯವಾಗಿ ತಮ್ಮ ಬ್ಯಾಂಕಿನ ಫಂಡನ್ನೇ ತೋರಿಸುತ್ತಾರೆ. ಅವರು ಕೆಟ್ಟವರು ಅಂತಲ್ಲ, ಅವರ ಕೈಯಲ್ಲಿರುವ ಸಾಮಾನೇ ಅಷ್ಟು.

ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಅದೇ ಬ್ಯಾಂಕುಗಳ ಹತ್ತಿರ ಮಾರುಕಟ್ಟೆಯ ಸೂಚ್ಯಂಕವನ್ನೇ ಹಿಂಬಾಲಿಸುವ ಅಗ್ಗದ ಇಂಡೆಕ್ಸ್ ಮ್ಯೂಚುವಲ್ ಫಂಡ್‌ಗಳೂ ಇರುತ್ತವೆ, ಟಿಡಿಯ ಇ-ಸೀರೀಸ್ ಥರದ್ದು. ಅವನ್ನು ನೀವೇ ಹೆಸರು ಹಿಡಿದು ಕೇಳಬೇಕು.

ಶೇ 2 ಕೊಡುವುದು ಯಾರಿಗಾದರೂ ಸರಿಯೇ? ಒಂದು ಥರದವರಿಗೆ ಹೌದು. ಮಾರುಕಟ್ಟೆ ಬಿದ್ದಾಗ "ಸರ್, ಮಾರಬೇಡಿ" ಅಂತ ಫೋನಿನಲ್ಲಿ ಹೇಳುವ, ತೆರಿಗೆ, ಉಯಿಲು, ವಿಮೆ ಎಲ್ಲವನ್ನೂ ಕೂತು ನೋಡುವ ಒಳ್ಳೆಯ ಸಲಹೆಗಾರ ನಿಜವಾಗಿ ಸಿಕ್ಕಿದ್ದರೆ ಆ ದುಡ್ಡು ದಂಡವಲ್ಲ. ಸಿಕ್ಕಿದ್ದಾರೋ ಇಲ್ಲವೋ ಅಂತ ತಿಳಿಯಲು ಅವರನ್ನು ಎರಡು ಪ್ರಶ್ನೆ ಕೇಳಿ: ಕಳೆದ ವರ್ಷ ನಾನು ಒಟ್ಟು ಎಷ್ಟು ಡಾಲರ್ ಕೊಟ್ಟೆ? ಅದಕ್ಕೆ ಏನೇನು ಕೆಲಸ ನಡೆಯಿತು? ಉತ್ತರ ಪರ್ಸೆಂಟ್‌ನಲ್ಲಿ ಬಂದರೆ ಡಾಲರ್‌ನಲ್ಲಿ ಹೇಳಿ ಅನ್ನಿ. 2026ರ ಲೆಕ್ಕದಿಂದ ಫಂಡ್‌ನೊಳಗಿನ ಖರ್ಚನ್ನೂ ವಾರ್ಷಿಕ ವರದಿಯಲ್ಲಿ ಡಾಲರ್‌ನಲ್ಲಿ ತೋರಿಸಬೇಕು ಅನ್ನುವ ನಿಯಮ ಬಂದಿದೆ. ಆ ವರದಿಗಳು 2027ರ ಆರಂಭದಲ್ಲಿ ಕೈಗೆ ಬರುತ್ತವೆ. ಕೆಲವು ಮನೆಗಳಲ್ಲಿ ಅವತ್ತು ಕಾಫಿ ಆರಿಹೋಗಬಹುದು.

ರೋಬೋ ಸಲಹೆಗಾರ

ಹೆಸರು ಕೇಳಿ ಹೆದರಬೇಡಿ. ಕೆಲವು ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ನಿಮಗೆ ಹೊಂದುವ ಇಟಿಎಫ್‌ಗಳ ಗುಂಪೊಂದನ್ನು ಕಟ್ಟಿಕೊಡುತ್ತಾರೆ. ಆಮೇಲೆ ಏರಿದ್ದನ್ನು ಸ್ವಲ್ಪ ಮಾರಿ, ಬಿದ್ದದ್ದನ್ನು ಕೊಂಡು ಮೊದಲಿನ ಪ್ರಮಾಣಕ್ಕೆ ತರುವ ಕೆಲಸವನ್ನೂ ಅವರೇ ಮಾಡುತ್ತಾರೆ. ಇದೇ ರೀಬ್ಯಾಲೆನ್ಸಿಂಗ್. ವೆಲ್ತ್‌ಸಿಂಪಲ್, ಕ್ವೆಸ್ಟ್‌ವೆಲ್ತ್, ಜಸ್ಟ್‌ವೆಲ್ತ್ ಈ ಸಾಲಿನವು. ಸೇವೆಯ ಶುಲ್ಕ ಸಾಮಾನ್ಯವಾಗಿ ಶೇ 0.5ರ ಒಳಗೆ, ಅದರ ಮೇಲೆ ಒಳಗಿನ ಇಟಿಎಫ್‌ಗಳ ಖರ್ಚು ಶೇ 0.2ರ ಹತ್ತಿರ. 60,000 ಡಾಲರ್ ಇದ್ದರೆ ವರ್ಷಕ್ಕೆ ಸುಮಾರು 420 ಡಾಲರ್. ಬ್ಯಾಂಕ್ ಫಂಡ್‌ನಲ್ಲಿ ಅದೇ 1,200 ಆಗುತ್ತಿತ್ತು.

"ಆ್ಯಪ್ ಕಂಪನಿ ಮುಳುಗಿದರೆ?" ಅನ್ನುವುದು ಎಲ್ಲರ ಮೊದಲ ಭಯ. ಸಿಐಆರ್‌ಒ ಅನ್ನುವ ನಿಯಂತ್ರಕ ಸಂಸ್ಥೆಯ ಕೆಳಗಿರುವ ಹೂಡಿಕೆ ಸಂಸ್ಥೆಗಳಿಗೆ ಸಿಐಪಿಎಫ್ ಅನ್ನುವ ರಕ್ಷಣಾ ನಿಧಿ ಇದೆ. ಸಂಸ್ಥೆ ದಿವಾಳಿಯಾಗಿ ನಿಮ್ಮ ಆಸ್ತಿ ಕಾಣೆಯಾದರೆ ಸಾಮಾನ್ಯ ಖಾತೆಗಳಿಗೆ 10 ಲಕ್ಷ ಡಾಲರ್‌ವರೆಗೆ ಅದು ಕೊಡುತ್ತದೆ. ಷೇರಿನ ಬೆಲೆ ಬಿದ್ದರೆ ಕೊಡುವುದಿಲ್ಲ, ಅಷ್ಟು ನೆನಪಿರಲಿ.

ನನ್ನ ಪ್ರಕಾರ ರೋಬೋ ಹೊಂದುವುದು ಷೇರು ಕೊಳ್ಳುವ ಪರದೆ ನೋಡಿದರೇ ಕೈ ನಡುಗುವವರಿಗೆ. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಮಾತ್ರ ಇದರಲ್ಲಿ ಆಸಕ್ತಿ ಇದ್ದು, ನಾಳೆ ಅವರಿಗೇನಾದರೂ ಆದರೆ ಇನ್ನೊಬ್ಬರು ಕಷ್ಟಪಡಬಾರದು ಅನ್ನುವ ಮನೆಗೂ ಇದು ಒಳ್ಳೆಯದು. ಆದರೆ 3 ಲಕ್ಷ ಡಾಲರ್ ಆದಾಗ ಶೇ 0.4 ಅಂದರೂ ವರ್ಷಕ್ಕೆ 1,200. ಅಷ್ಟೊತ್ತಿಗೆ ಮತ್ತೆ ಲೆಕ್ಕ ನೋಡಬೇಕು.

ಒಂದೇ ಇಟಿಎಫ್, ಎಲ್ಲ ಅದರೊಳಗೆ

ಇಟಿಎಫ್ ಅಮೆರಿಕದ ಹುಟ್ಟು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಯಶಸ್ವಿಯಾದ ಮೊದಲ ಇಟಿಎಫ್ ಹುಟ್ಟಿದ್ದು 1990ರಲ್ಲಿ, ಟೊರಾಂಟೊದಲ್ಲಿ. 2018ರಲ್ಲಿ ವ್ಯಾನ್‌ಗಾರ್ಡ್ ಇಲ್ಲಿ ವಿಗ್ರೋ, ವಿಬಾಲ್ ಅನ್ನುವ ಇಟಿಎಫ್‌ಗಳನ್ನು ತಂದಿತು, ಆಮೇಲೆ ಐಶೇರ್ಸ್‌ನ ಎಕ್ಸ್‌ಗ್ರೋ, ಎಕ್ಸ್‌ಇಕ್ಯೂಟಿ, ಬಿಎಂಒದ ಝಡ್‌ಗ್ರೋ ಬಂದವು. ಒಂದು ಯೂನಿಟ್ ಕೊಂಡರೆ ಕೆನಡಾ, ಅಮೆರಿಕ, ಯುರೋಪ್, ಜಪಾನ್, ಭಾರತದಂಥ ದೇಶಗಳ ಸಾವಿರಾರು ಕಂಪನಿಗಳ ಚೂರು ಅದರೊಳಗೆ ಬರುತ್ತದೆ. ರೀಬ್ಯಾಲೆನ್ಸಿಂಗ್ ಕೂಡ ಒಳಗೇ ನಡೆಯುತ್ತದೆ. ಖರ್ಚು ಶೇ 0.25ರ ಒಳಗೆ.

ಹೆಸರುಗಳು ಗೊಂದಲ ಹುಟ್ಟಿಸುತ್ತವೆ, ಆದರೆ ನೋಡಬೇಕಾದ್ದು ಒಂದೇ: ಷೇರೆಷ್ಟು, ಬಾಂಡೆಷ್ಟು. ಇಕ್ಯೂಟಿ ಅಂದರೆ ಪೂರ್ತಿ ಷೇರು. ಗ್ರೋ ಅಂದರೆ 80:20. ಬಾಲ್ ಅಂದರೆ 60:40. ಒಂದೇ ಪ್ರಮಾಣದ ಎರಡು ಕಂಪನಿಗಳ ಇಟಿಎಫ್ ನಡುವೆ ಯಾವುದು ಅಂತ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ, ಅವು ಅಕ್ಕತಂಗಿಯರು. ಇಕ್ಯೂಟಿನಾ ಗ್ರೋನಾ ಬಾಲಾ ಅನ್ನುವುದಕ್ಕೆ ಆ ಸಮಯ ಕೊಡಿ. ಇಪ್ಪತ್ತೆಂಟು ವಯಸ್ಸು, ಕೈಯಲ್ಲಿ ಆರು ತಿಂಗಳ ಖರ್ಚಿನ ಹಣ, ಹಿಂದಿನ ಕುಸಿತದಲ್ಲಿ ಕದಲಿಲ್ಲ ಅನ್ನುವವರಿಗೆ ಇಕ್ಯೂಟಿ ಸರಿ. ನಲವತ್ತೈದು ವಯಸ್ಸು, ದೊಡ್ಡ ಮನೆ ಸಾಲ, ಕೆಲಸ ಹೋದೀತು ಅನ್ನುವ ಅಳುಕಿರುವ ಐಟಿಯವರಿಗೆ ಗ್ರೋ ಅಥವಾ ಬಾಲ್ ನೆಮ್ಮದಿ.

ಇಲ್ಲಿ ಕೈ ಹಿಡಿಯುವವರು ಯಾರೂ ಇಲ್ಲ. ಕಡಿಮೆ ಖರ್ಚಿಗೆ ನೀವು ಕೊಡುವ ಬೆಲೆ ಅದು. ಬೆಲೆ ಬಿದ್ದ ದಿನ ನೀವೂ ಆ್ಯಪ್‌ನ ಮಾರಾಟದ ಬಟನ್ನೂ, ಇಬ್ಬರೇ. ಇನ್ನೊಂದು ಸಣ್ಣ ತೊಡಕೆಂದರೆ ಕೆಲವು ಬ್ಯಾಂಕ್ ಬ್ರೋಕರ್‌ಗಳು ಪ್ರತಿ ಖರೀದಿಗೆ 10 ಡಾಲರ್ ಹತ್ತಿರ ತೆಗೆದುಕೊಳ್ಳುತ್ತವೆ. ತಿಂಗಳಿಗೆ 200 ಡಾಲರ್ ಹಾಕುವವರಿಗೆ ಅದು ಶೇ 5 ಹೊಡೆತ. ಕಮಿಷನ್ ಇಲ್ಲದ ಬ್ರೋಕರ್‌ಗಳು ಈಗ ಬೇಕಾದಷ್ಟಿವೆ.

ಇಟ್ಟ ದುಡ್ಡನ್ನೆಲ್ಲ ಒಂದೇ ಸಲ ಹಾಕಬೇಕಾ, ಕಂತಿನಲ್ಲಾ? ಮಾರುಕಟ್ಟೆ ಬೀಳುವ ವರ್ಷಗಳಿಗಿಂತ ಏರುವ ವರ್ಷಗಳು ಜಾಸ್ತಿ, ಆದ್ದರಿಂದ ಲೆಕ್ಕ ಒಂದೇ ಸಲದ ಕಡೆಗಿದೆ. ಆದರೆ 80,000 ಹಾಕಿದ ಮಾರನೇ ವಾರ 70,000 ಕಂಡರೆ ಮಾರಿಬಿಡುತ್ತೇನೆ ಅನ್ನುವವರು ಆರು ಕಂತು ಮಾಡಿಕೊಳ್ಳಲಿ. ದಿನಾಂಕಗಳನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಮೂರನೇ ಕಂತಿಗೆ "ಇನ್ನೂ ಇಳಿಯಲಿ" ಶುರುವಾಗುತ್ತದೆ.

ನೀವೇ ಜೋಡಿಸುವ ಇಟಿಎಫ್‌ಗಳು

ಕೆನಡಾಕ್ಕೊಂದು, ಅಮೆರಿಕಕ್ಕೊಂದು, ಉಳಿದ ಜಗತ್ತಿಗೊಂದು, ಬಾಂಡ್‌ಗೊಂದು. ಖರ್ಚು ಶೇ 0.1ರ ಹತ್ತಿರಕ್ಕೆ ಇಳಿಯುತ್ತದೆ. ಆದರೆ ಒಂದೇ ಇಟಿಎಫ್‌ಗೆ ಹೋಲಿಸಿದರೆ 1 ಲಕ್ಷಕ್ಕೆ ವರ್ಷಕ್ಕೆ ನೂರು ಡಾಲರ್ ಉಳಿತಾಯ. ಅದಕ್ಕಾಗಿ ಸ್ಪ್ರೆಡ್‌ಶೀಟ್, ರೀಬ್ಯಾಲೆನ್ಸಿಂಗ್, "ಅಮೆರಿಕ ಚೆನ್ನಾಗಿದೆ, ಇನ್ನೊಂಚೂರು ಜಾಸ್ತಿ ಮಾಡೋಣ" ಅನ್ನುವ ಚಪಲ, ಎಲ್ಲ ನಿಮ್ಮ ತಲೆಗೆ.

ಇದು ನಿಜವಾಗಿ ಕೆಲಸಕ್ಕೆ ಬರುವುದು ಆರ್‌ಆರ್‌ಎಸ್‌ಪಿ ದೊಡ್ಡದಾದ ಮೇಲೆ. ಅಮೆರಿಕದ ಡಿವಿಡೆಂಡ್ ಮೇಲೆ ಆ ದೇಶ ಶೇ 15 ಹಿಡಿದುಕೊಳ್ಳುತ್ತದೆ. ಅಮೆರಿಕದ ಮಾರುಕಟ್ಟೆಯಲ್ಲೇ ಇರುವ ಇಟಿಎಫ್ ಅನ್ನು ಆರ್‌ಆರ್‌ಎಸ್‌ಪಿಯಲ್ಲಿ ಇಟ್ಟರೆ ಎರಡು ದೇಶಗಳ ತೆರಿಗೆ ಒಪ್ಪಂದದ ಪ್ರಕಾರ ಆ ಹಿಡಿತ ಇಲ್ಲ. ಟಿಎಫ್‌ಎಸ್‌ಎಯಲ್ಲಿ (ಬೆಳೆದ ಹಣಕ್ಕೆ ಕೆನಡಾದ ತೆರಿಗೆ ಇಲ್ಲದ ಉಳಿತಾಯ ಖಾತೆ) ಇಟ್ಟರೆ ಹಿಡಿಯುತ್ತಾರೆ, ವಾಪಸ್ಸೂ ಬರುವುದಿಲ್ಲ. ಆದರೆ ಅದಕ್ಕೆ ಅಮೆರಿಕನ್ ಡಾಲರ್ ಬೇಕು. ಬ್ರೋಕರ್ ಹತ್ತಿರ ಬದಲಿಸಿದರೆ ಶೇ 1.5ರವರೆಗೆ ಹೋಗಬಹುದು. ಅದನ್ನು ತಪ್ಪಿಸುವ ನಾರ್ಬರ್ಟ್ಸ್ ಗ್ಯಾಂಬಿಟ್ ಅನ್ನುವ ಉಪಾಯವಿದೆ: ಎರಡೂ ಕರೆನ್ಸಿಯಲ್ಲಿ ಸಿಗುವ ಇಟಿಎಫ್ ಒಂದನ್ನು ಕೆನಡಾ ಡಾಲರ್‌ನಲ್ಲಿ ಕೊಂಡು ಅಮೆರಿಕನ್ ಡಾಲರ್‌ನಲ್ಲಿ ಮಾರುವುದು. ಓದುವಾಗಲೇ ಸುಸ್ತಾಯಿತು ಅಂದರೆ ಈ ದಾರಿ ನಿಮ್ಮದಲ್ಲ.

ಬಿಡಿ ಷೇರುಗಳು, ಡಿವಿಡೆಂಡ್

ಮೂರು ತಿಂಗಳಿಗೊಮ್ಮೆ ಖಾತೆಗೆ ಬೀಳುವ ಡಿವಿಡೆಂಡ್‌ನ ಖುಷಿ ನನಗೂ ಗೊತ್ತು. ಇಲ್ಲಿನ ದೊಡ್ಡ ಬ್ಯಾಂಕುಗಳು ಬಹಳ ಕಾಲದಿಂದ ತಪ್ಪದೆ ಕೊಡುತ್ತಿವೆ. ತೆರಿಗೆ ಕಟ್ಟುವ ಮಾಮೂಲಿ ಖಾತೆಯಲ್ಲಿ ಕೆನಡಾದ ಡಿವಿಡೆಂಡ್‌ಗೆ ತೆರಿಗೆ ರಿಯಾಯಿತಿಯೂ ಉಂಟು. ಹಾಗಂತ ಎಲ್ಲವನ್ನೂ ಅಲ್ಲೇ ಹಾಕಿದರೆ? ಜಗತ್ತಿನ ಷೇರು ಮಾರುಕಟ್ಟೆಯಲ್ಲಿ ಕೆನಡಾದ ಪಾಲು ಶೇ 3ರ ಆಸುಪಾಸು. ಅದರಲ್ಲೂ ಮೂರನೇ ಒಂದು ಭಾಗದಷ್ಟು ಬ್ಯಾಂಕು, ವಿಮೆ. ನಿಮ್ಮ ಕೆಲಸ ಇಲ್ಲಿ, ಮನೆ ಇಲ್ಲಿ, ಷೇರೂ ಇಲ್ಲೇ ಅಂದರೆ ದೇಶಕ್ಕೆ ಕಷ್ಟ ಬಂದಾಗ ಮೂರಕ್ಕೂ ಒಟ್ಟಿಗೆ ಪೆಟ್ಟು. 2000ದಲ್ಲಿ ನಾರ್ಟೆಲ್ ಒಂದೇ ಕಂಪನಿ ಟೊರಾಂಟೊ ಸೂಚ್ಯಂಕದ ಮೂರನೇ ಒಂದು ಭಾಗ ಆಗಿತ್ತು. 2009ರ ಜನವರಿಯಲ್ಲಿ ಅದು ದಿವಾಳಿ ರಕ್ಷಣೆ ಕೇಳಿತು. ಆಸೆ ಇದ್ದರೆ ಹತ್ತನೇ ಒಂದು ಭಾಗವನ್ನು ಇದಕ್ಕಿಟ್ಟು ಆಡಿ, ಉಳಿದದ್ದನ್ನು ಮುಟ್ಟಬೇಡಿ.

ಯಾವ ಖಾತೆಯಲ್ಲಿ?

ಇಟಿಎಫ್ ಆಯ್ಕೆಗಿಂತ ಇಲ್ಲಿ ಆಗುವ ಎಡವಟ್ಟುಗಳೇ ದುಬಾರಿ. ಟಿಎಫ್‌ಎಸ್‌ಎ ಮಿತಿ 2026ಕ್ಕೆ ಒಟ್ಟು 1,09,000 ಡಾಲರ್ ಅಂತ ಎಲ್ಲೆಡೆ ಓದುತ್ತೀರಿ. ಅದು 2009ರಿಂದಲೂ ಇಲ್ಲೇ ಇದ್ದು, ಆಗಲೇ 18 ತುಂಬಿದ್ದವರಿಗೆ. 2022ರಲ್ಲಿ ಬಂದಿಳಿದ ದೊಡ್ಡವರಿಗೆ 33,500 ಮಾತ್ರ. ಮೀರಿ ಹಾಕಿದ ಹಣಕ್ಕೆ ತಿಂಗಳಿಗೆ ಶೇ 1 ದಂಡ. ತೆಗೆದ ಹಣದ ಜಾಗ (ಅಷ್ಟನ್ನು ಮತ್ತೆ ಹಾಕುವ ಅವಕಾಶ) ಮುಂದಿನ ಜನವರಿಗೆ ವಾಪಸ್ ಬರುತ್ತದೆ, ಅದೇ ವರ್ಷವಲ್ಲ.

ಸಂಬಳ ಕಡಿಮೆ ಇರುವಾಗ ಟಿಎಫ್‌ಎಸ್‌ಎ ಮೊದಲು. ಆರ್‌ಆರ್‌ಎಸ್‌ಪಿಯ ತೆರಿಗೆ ಲಾಭ ಸಂಬಳ ಏರಿದ ಮೇಲೆ ಜಾಸ್ತಿ. ಬಂದ ಮೊದಲ ವರ್ಷ ಆರ್‌ಆರ್‌ಎಸ್‌ಪಿ ಜಾಗವೇ ಇರುವುದಿಲ್ಲ, ಯಾಕೆಂದರೆ ಅದು ಹಿಂದಿನ ವರ್ಷದ ಇಲ್ಲಿನ ದುಡಿಮೆಯ ಶೇ 18. ಮನೆ ಕೊಳ್ಳುವ ಯೋಚನೆ ಇದ್ದರೆ ಮೊದಲ ಮನೆಗೆಂದೇ ಇರುವ ಎಫ್‌ಎಚ್‌ಎಸ್‌ಎ ಎಲ್ಲಕ್ಕಿಂತ ಮುಂದೆ: ವರ್ಷಕ್ಕೆ 8,000, ಒಟ್ಟು 40,000, ಹಾಕುವಾಗಲೂ ತೆರಿಗೆ ವಿನಾಯಿತಿ, ಮನೆಗೆ ತೆಗೆಯುವಾಗಲೂ ತೆರಿಗೆ ಇಲ್ಲ. ಆದರೆ ಈ ವರ್ಷ ಅಥವಾ ಹಿಂದಿನ ನಾಲ್ಕು ವರ್ಷಗಳಲ್ಲಿ ಬೆಂಗಳೂರಿನ ಸ್ವಂತ ಫ್ಲ್ಯಾಟ್‌ನಲ್ಲಿ ವಾಸ ಇದ್ದವರು ಈಗಲೇ ತೆರೆಯಲಾಗದು. ಹೊರದೇಶದ ಮನೆಯೂ ಲೆಕ್ಕಕ್ಕೆ ಬರುತ್ತದೆ. ಮಕ್ಕಳಿದ್ದರೆ ಅವರ ಓದಿಗೆ ಉಳಿಸುವ ಆರ್‌ಇಎಸ್‌ಪಿಗೆ ವರ್ಷಕ್ಕೆ 2,500 ಹಾಕಿ, ಸರ್ಕಾರದ 500 ಪಡೆಯಿರಿ.

ಊರಿನ ಆಸ್ತಿ, ಊರಿಗೆ ವಾಪಸ್

ಇಲ್ಲಿ ನೆಲೆಸಿದವರಿಗೆ ಜಗತ್ತಿನ ಎಲ್ಲ ಆದಾಯಕ್ಕೂ ಕೆನಡಾದಲ್ಲಿ ತೆರಿಗೆ. ಎನ್‌ಆರ್‌ಇ (ಅನಿವಾಸಿ ಭಾರತೀಯರ ಖಾತೆ) ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಇಲ್ಲಿ ಇದೆ. ಬಾಡಿಗೆಗೆ ಕೊಟ್ಟ ಫ್ಲ್ಯಾಟ್, ಎಫ್‌ಡಿ, ಅಲ್ಲಿನ ಮ್ಯೂಚುವಲ್ ಫಂಡ್ ಎಲ್ಲ ಸೇರಿ ಮೂಲ ಬೆಲೆ 1 ಲಕ್ಷ ಕೆನಡಾ ಡಾಲರ್ ದಾಟಿದರೆ ಹೊರದೇಶದ ಆಸ್ತಿ ತಿಳಿಸುವ ಟಿ1135 ಫಾರ್ಮ್ ತುಂಬಬೇಕು. ಬಂದ ಮೊದಲ ವರ್ಷಕ್ಕೆ ಮಾತ್ರ ಇದರಿಂದ ಬಿಡುವು.

ಐದಾರು ವರ್ಷದಲ್ಲಿ ವಾಪಸ್ ಹೋಗುವ ಅಂದಾಜಿದ್ದರೆ ಸರಳವಾದದ್ದನ್ನೇ ಆರಿಸಿ. ಹೊರಡುವಾಗ ಮಾಮೂಲಿ ಖಾತೆಯ ಷೇರುಗಳನ್ನು ಮಾರಿದ ಹಾಗೆ ಲೆಕ್ಕ ಹಿಡಿದು ಲಾಭಕ್ಕೆ ತೆರಿಗೆ ಕೇಳುತ್ತಾರೆ. ಟಿಎಫ್‌ಎಸ್‌ಎ, ಆರ್‌ಆರ್‌ಎಸ್‌ಪಿಗೆ ಆ ಕಾಟ ಇಲ್ಲ. ಆದರೆ ಹೋದ ಮೇಲೆ ಟಿಎಫ್‌ಎಸ್‌ಎಗೆ ಹಣ ಹಾಕಿದರೆ ದಂಡ. ಆರ್‌ಆರ್‌ಎಸ್‌ಪಿಯಿಂದ ಒಟ್ಟಿಗೆ ತೆಗೆದರೆ ಶೇ 25 ಹಿಡಿಯುತ್ತಾರೆ. ಭಾರತದ ತೆರಿಗೆಯವರು ಟಿಎಫ್‌ಎಸ್‌ಎಗೆ ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಇಂಥ ಪ್ರಶ್ನೆ ಇರುವವರು ಫಂಡ್ ಮಾರದೆ, ಗಂಟೆಗಿಷ್ಟು ಅಂತ ಶುಲ್ಕ ಪಡೆಯುವ ಪ್ಲಾನರ್ ಒಬ್ಬರಿಗೆ ಒಮ್ಮೆ ದುಡ್ಡು ಕೊಟ್ಟು ಕೇಳುವುದು ಲೇಸು. ಪ್ರತಿ ವರ್ಷ ಶೇ 2 ಕೊಡುವುದಕ್ಕಿಂತ ಅಗ್ಗ.

ದಾರಿ ಬದಲಿಸುವುದಾದರೆ

ನನ್ನ ಒಲವು ಒಂದೇ ಇಟಿಎಫ್ ಕಡೆಗೆ ಅಂತ ನಿಮಗೆ ಗೊತ್ತಾಗಿರಬೇಕು. ಗುಂಡಿಗೆ ಮೇಲೆ ನಂಬಿಕೆ ಇಲ್ಲದವರಿಗೆ ರೋಬೋ. ಬ್ಯಾಂಕ್ ಫಂಡ್‌ನಿಂದ ಹೊರಬರುವವರು ಹಣವನ್ನು ತಾವೇ ಹೊರಗೆ ತೆಗೆಯಬಾರದು. ಆರ್‌ಆರ್‌ಎಸ್‌ಪಿಯಿಂದ ತೆಗೆದರೆ ತೆರಿಗೆ ಬೀಳುತ್ತದೆ, ಆ ಜಾಗವೂ ಹೋಗುತ್ತದೆ. ಹೊಸ ಸಂಸ್ಥೆಯಲ್ಲಿ ಅದೇ ಥರದ ಖಾತೆ ತೆರೆದು, ವರ್ಗಾವಣೆ ಫಾರ್ಮ್ ಕೊಟ್ಟರೆ ಅವರೇ ಎಳೆದುಕೊಳ್ಳುತ್ತಾರೆ. ಹಳೆಯವರು 150 ಡಾಲರ್ ಆಸುಪಾಸು ಶುಲ್ಕ ಕೇಳಬಹುದು. ಹೊಸಬರು ಅದನ್ನು ತುಂಬಿಕೊಡುವುದುಂಟು, ಮೊದಲೇ ಕೇಳಿ. 2022ರ ಜೂನ್‌ಗೆ ಮುಂಚೆ ಕೊಂಡ ಕೆಲವು ಫಂಡ್‌ಗಳಲ್ಲಿ ಬೇಗ ಮಾರಿದರೆ ಕೊಡಬೇಕಾದ ಡಿಎಸ್‌ಸಿ ಶುಲ್ಕ ಇನ್ನೂ ಉಳಿದಿರಬಹುದು. ಮಾಮೂಲಿ ಖಾತೆಯಲ್ಲಿ ಮಾರಿದರೆ ಲಾಭದ ಅರ್ಧಕ್ಕೆ ತೆರಿಗೆ ಇದೆ, ಆದ್ದರಿಂದ ಲಾಭ ದೊಡ್ಡದಿದ್ದರೆ ಎರಡು ಮೂರು ವರ್ಷಕ್ಕೆ ಹಂಚಿ. ವರ್ಗಾವಣೆಗೆ ಮುಂಚೆ ಹಳೆಯ ಸ್ಟೇಟ್‌ಮೆಂಟ್‌ಗಳನ್ನೆಲ್ಲ ಇಳಿಸಿಟ್ಟುಕೊಳ್ಳಿ. ಖಾತೆ ಮುಚ್ಚಿದ ಮೇಲೆ ತರಿಸುವುದು ರಗಳೆ, ಕೊಂಡ ಬೆಲೆಯ ಲೆಕ್ಕಕ್ಕೆ ಅವು ಬೇಕೇ ಬೇಕು.